ವಸಿಲನ ನಾನೂರು ಖಾನೆಗಳು

ವಸಿಲ್ ಹ್ರಿಂಕೋ ಚಾಡಿಕೋರ. ಬೇರೆಯವರ ಮನೆಯ ಮಾತು ಕದ್ದು ಕೇಳುವುದು, ಅದನ್ನು ಅಗ್ನಿಶಾಮಕ ದಳದ ಕ್ಲಬ್ಬಿನ ಬಾರಿನಲ್ಲಿ ಬಿಯರಿನ ಜೊತೆ ಹಂಚುವುದು. ಪೆನ್ಸಿಲ್ವೇನಿಯಾದ ಆ ಕಲ್ಲಿದ್ದಲ ಊರಿನಲ್ಲಿ ಗಣಿ ಮುಚ್ಚಿದ ಮೇಲೆ ಅವನು ಮಾಡಿದ್ದು ಇಷ್ಟೇ. ಅವನ ತೀರಿಹೋದ ತಮ್ಮನ ಹೆಂಡತಿ ತೆಕ್ಲಾಳಿಗೆ ಇದು ಹೊಸದಲ್ಲ. ಇಬ್ಬರ ಮನೆಗೂ ನಡುಗೋಡೆ ಒಂದೇ. ಗಾಳಿಯಲ್ಲಿ ಹಾಯುವ ವೈರ್‌ಲೆಸ್ ಮಾತು ಹಿಡಿಯುವ ಅವನ ಸ್ಕ್ಯಾನರ್ ರೇಡಿಯೊ ಪೊಲೀಸರು, ಆಂಬುಲೆನ್ಸು, ಬೆಂಕಿ ಎಂದು ಒಂದೊಂದನ್ನೇ ತಡಕುತ್ತ ಗೊರಗುಟ್ಟುವುದು ಗೋಡೆಯ ಈಚೆಗೂ ಕೇಳುತ್ತಿತ್ತು.

ಅದು ಫೋನುಗಳನ್ನೂ ಹಿಡಿಯುತ್ತದೆಂದು ಅವಳಿಗೆ ತಿಳಿದದ್ದು ಒಂದು ಗುರುವಾರ, ಚರ್ಚಿನ ನೆಲಮಾಳಿಗೆಯಲ್ಲಿ ಉಪವಾಸದ ಶುಕ್ರವಾರಕ್ಕೆಂದು ಹೆಂಗಸರೆಲ್ಲ ಪಿರೋಗಿ ಕಡುಬುಗಳ ಅಂಚು ಒತ್ತುತ್ತ ಕೂತಿದ್ದಾಗ.

"ತಂತಿ ಇಲ್ಲದ ಫೋನ್ ಇಟ್ಕೊಂಡಿದೀಯಲ್ಲ, ಹುಷಾರು ಕಣೆ," ಎಂದಳು ಹೆಲೆನ್. "ಸ್ಟೆಲ್ಲಾ ಗಂಡನ ಸಮಾಚಾರ ಊರಿಗೆಲ್ಲ ಹೆಂಗ್ ಗೊತ್ತಾಯ್ತು ಅನ್ಕೊಂಡೆ? ನಿಮ್ಮ ಭಾವನ ಡಬ್ಬದಿಂದ! ಒಂದೊಂದು ಫೋನಿಗೂ ಅದ್ರಲ್ಲಿ ಒಂದೊಂದು ಖಾನೆ. ಈಗ ಮುನ್ನೂರು ಸಾಲಲ್ವಂತೆ, ಇನ್ನೂ ನೂರು ಸೇರಿಸ್ತಾನಂತೆ."

"ಊರಲ್ಲಿ ಅಷ್ಟು ಜನಾನೇ ಉಳಿದಿಲ್ವಲ್ಲೇ," ಎಂದು ಇನ್ನೊಬ್ಬಳು ನಕ್ಕಳು.

ತೆಕ್ಲಾಳ ಕೈಯಲ್ಲಿದ್ದ ಹಿಟ್ಟು ಹರಿಯಿತು. ಎರಡು ವರ್ಷದಿಂದ ಪ್ರತಿ ಭಾನುವಾರ ಅವಳ ಮಗಳು ಲೊರೇನ್ ಫೋನು ಮಾಡುತ್ತಿದ್ದಳು. ಅವಳು ಕ್ಲೀವ್‌ಲ್ಯಾಂಡಿನಲ್ಲಿ ಕೆಲಸದಲ್ಲಿದ್ದಾಳೆಂದು ಊರು ನಂಬಿತ್ತು. ಅವಳು ಇದ್ದದ್ದು ಜೈಲಿನಲ್ಲಿ, ವೈದ್ಯರ ಚೀಟಿ ತಿದ್ದಿ ಮಾತ್ರೆ ಕೊಂಡ ತಪ್ಪಿಗೆ. ಪ್ರತಿ ಸಲವೂ ಮೊದಲು ಆಪರೇಟರಳ ದನಿ: "ಇದು ಜೈಲಿನಿಂದ ಕರೆ, ಒಪ್ಕೋತೀರಾ?" ಆ ಒಂದು ಮಾತು ವಸಿಲನ ಕಿವಿಗೆ ಬಿದ್ದರೆ ಸಾಕು. ಈಸ್ಟರಿಗೆ ಬಿಡುಗಡೆ. ಚರ್ಚಿನ ಶಾಲೆಯ ಅಡಿಗೆಮನೆಯಲ್ಲಿ ಅವಳಿಗೆ ಕೆಲಸ ಸಿಗುವುದರಲ್ಲಿತ್ತು. ಕೊಡಬೇಕಾದವಳು ಹೆಲೆನ್.

ಹೆದರಿದವರು ಮಾಡುವುದನ್ನೇ ತೆಕ್ಲಾ ಮಾಡಿದಳು.

"ಅವನ ಮಾತು ಯಾರು ನಂಬ್ತಾರೆ?" ಎಂದಳು. "ಚರ್ಚಿನ ಕಾಣಿಕೆ ಡಬ್ಬಕ್ಕೇ ಕೈ ಹಾಕೋನು. ಕಣ್ಣಾರೆ ಕಂಡಿದೀನಿ."

ಅವಳು ಕಂಡಿರಲಿಲ್ಲ. ಮೇಜಿನ ಸುತ್ತ ಕೈಗಳೆಲ್ಲ ನಿಂತವು. ಭಾನುವಾರದ ಹೊತ್ತಿಗೆ ಕ್ಲಬ್ಬಿನಲ್ಲಿ ವಸಿಲನ ಎರಡೂ ಪಕ್ಕದ ಸ್ಟೂಲುಗಳು ಖಾಲಿ.

ಆದರೂ ಅವಳಿಗೆ ನಿದ್ದೆ ಬರಲಿಲ್ಲ. ಅವನಿಗೆ ಎಷ್ಟು ಗೊತ್ತೆಂದು ತಿಳಿಯಲು ಸೋಮವಾರ ಬೆಳಿಗ್ಗೆ ಅವನ ಅಡಿಗೆಮನೆಗೇ ಹೋದಳು. ಪತ್ರಿಕೆಯ ಹಾಳೆಯ ಮೇಲೆ ರೇಡಿಯೊ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು.

"ಏನ್ ತೆಕ್ಲಾ, ಸಕ್ಕರೆ ಮುಗೀತಾ?"

"ಈ ದರಿದ್ರಕ್ಕೆ ಹೊಟ್ಟೆ ಎಷ್ಟು ದೊಡ್ಡದು ಮಾಡ್ತೀಯೋ ನೋಡೋಣ ಅಂತ ಬಂದೆ."

"ಹೊಟ್ಟೆ ಮೊದಲೇ ದೊಡ್ಡದಿದೆ. ಕಂಪನಿಯೋರು ಬಾಯಿ ಹೊಲಿದು ಮಾರಿದಾರೆ, ಅಷ್ಟೇ." ಡಯೋಡ್ ಎಂಬ ಅಕ್ಕಿಕಾಳಿನಷ್ಟು ಬಿಡಿಭಾಗವನ್ನು ಚಿಮುಟದಲ್ಲಿ ಹಿಡಿದು, ಖಾಲಿ ಬಿಟ್ಟಿದ್ದ ಜಾಗದಲ್ಲಿ ಕೂರಿಸಿ ಬೆಸುಗೆ ಮುಟ್ಟಿಸಿದ. ಅರವತ್ತೆಂಟರ ಕೈ ಕದಲಲಿಲ್ಲ. "ಇದೊಂದು ಬಿದ್ರೆ ನಾನೂರು. ಆದ್ರೆ ಹಳೇದೆಲ್ಲ ಮರೆತುಬಿಡುತ್ತೆ. ಒಂದೊಂದಾಗಿ ಮತ್ತೆ ಹೇಳಿಕೊಡ್ಬೇಕು."

"ನೀನಂತೂ ಏನೂ ಮರೆಯಲ್ವಲ್ಲ."

ಅವನು ನೋಟುಪುಸ್ತಕ ತೆರೆದ. ಪ್ರತಿ ಸಾಲಿನಲ್ಲೂ ಎಡಕ್ಕೆ ರೇಡಿಯೊ ಹಿಡಿಯಬೇಕಾದ ತರಂಗದ ಸಂಖ್ಯೆ, ನಡುವೆ ಮನೆಯವರ ಹೆಸರು, ಬಲಕ್ಕೆ ಕದ್ದು ಕೇಳಿದ ದಿನಾಂಕಗಳು. ಸ್ಟೆಲ್ಲಾಳ ದಿನಾಂಕಗಳು ಪುಟದ ಅಂಚಿನಲ್ಲಿ ಮಡಚಿಕೊಂಡು ಮೇಲಕ್ಕೆ ಹತ್ತಿದ್ದವು. ಹೆಲೆನಳದೂ ಅಷ್ಟೇ. ಅದರ ಕೆಳಗೆ 'ತೆಕ್ಲಾ'. ಆ ಸಾಲಿನಲ್ಲಿ ಒಂದೇ ಒಂದು ದಿನಾಂಕ: ೧೯೮೮ರ ನವೆಂಬರಿನ ಒಂದು ಭಾನುವಾರ. ಲೊರೇನ್ ಜೈಲಿನಿಂದ ಮೊದಲ ಸಲ ಫೋನು ಮಾಡಿದ ದಿನ. ಅಲ್ಲಿಂದಾಚೆಗೆ ಬರಿಯ ಬಿಳಿ ಕಾಗದ.

ತೆಕ್ಲಾ ಆ ಸಾಲನ್ನು ಇನ್ನೊಮ್ಮೆ ಓದಿದಳು.

"ಕ್ಲಬ್ಬಲ್ಲಿ ಯಾರೂ ನನ್ನ ಪಕ್ಕ ಕೂರ್ತಿಲ್ಲ," ಎಂದ ವಸಿಲ್, ತಲೆ ಎತ್ತದೆ. "ನಿಂಗೇನಾದ್ರೂ ಗೊತ್ತಾ?"

"ನಂಗೇನು ಗೊತ್ತು?"

ಅವನು ಪುಸ್ತಕದ ಸಾಲುಗಳನ್ನು ಒಂದೊಂದಾಗಿ ನೋಡಿಕೊಂಡು ಗುಂಡಿ ಒತ್ತತೊಡಗಿದ. ಮೂವತ್ತೊಂದನೆಯ ಖಾನೆಗೆ ಸ್ಟೆಲ್ಲಾ. ಮೂವತ್ತೆರಡಕ್ಕೆ ಹೆಲೆನ್. ಮೂವತ್ತಮೂರು ಬಂದಾಗ ಪರದೆಯ ಮೇಲಿನ ಸೊನ್ನೆಗಳನ್ನು ಹಾಗೆಯೇ ಬಿಟ್ಟು ಮೂವತ್ತನಾಲ್ಕಕ್ಕೆ ಹೋದ.