ಪಾಸಿನಲ್ಲಿದ್ದ ಐದನೆಯ ಹೆಸರು

ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ಯಾರಾದರೂ ತಮಗಾದ ವಿಚಿತ್ರ ಅನುಭವವನ್ನು ಹೇಳಿಕೊಂಡರೆ, ಇವರಿಗೆ ಹಿಂದಿನ ದಿನ ನಿದ್ದೆ ಸಾಲದೆ ಹೋಗಿರಬೇಕು, ಇಲ್ಲವೆ ನಡೆದದ್ದಕ್ಕೆ ಆಮೇಲೆ ನಾಲ್ಕು ಮಾತು ಸೇರಿಸಿಕೊಂಡಿರಬೇಕು ಎಂದುಕೊಳ್ಳುತ್ತಿದ್ದೆ. ನನ್ನ ಕೆಲಸವೂ ಅಂಥದ್ದೇ, ಸಾಫ್ಟ್‌ವೇರ್ ಪರೀಕ್ಷೆ ಮಾಡುವುದು. ಒಂದು ದೋಷವನ್ನು ಎರಡನೆಯ ಸಲ ಮಾಡಿ ತೋರಿಸಲಾಗದಿದ್ದರೆ ಅದು ದೋಷವೇ ಅಲ್ಲವೆಂದು ಷರಾ ಬರೆದು ಮುಚ್ಚಿಬಿಡುತ್ತಿದ್ದೆವು. ಹಾಗಾಗಿ ಇದನ್ನು ಬರೆಯುವಾಗ ನಾನು ಕಂಡದ್ದು, ಇನ್ನೊಬ್ಬರಿಂದ ಕೇಳಿದ್ದು, ಆಮೇಲೆ ತಿಳಿದದ್ದು, ಇವು ಒಂದಕ್ಕೊಂದು ಬೆರೆಯದಂತೆ ನೋಡಿಕೊಂಡಿದ್ದೇನೆ. ಓದಿದ ಮೇಲೆ ಇದರಲ್ಲೇನೂ ಇಲ್ಲ ಎಂದು ನಿಮಗೆ ಅನ್ನಿಸಿದರೆ ನನಗೆ ಬೇಸರವಿಲ್ಲ. ಸಮಾಧಾನವೇ ಆಗಬಹುದು.

ಆಗ ನಾವು ಜೆರ್ಸಿ ಸಿಟಿಯಲ್ಲಿದ್ದೆವು. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೆಡುತ್ತವೆಂಬ ಗಡಿಬಿಡಿ ಮುಗಿದಿತ್ತು. ಕಂಪ್ಯೂಟರ್ ಕೆಲಸಗಳು ಇನ್ನೂ ಸಿಗುತ್ತಿದ್ದವು, ಆದರೆ ಅಲ್ಲೊಂದು ಇಲ್ಲೊಂದು ಕಂಪನಿ ಬಾಗಿಲು ಹಾಕಿದ ಸುದ್ದಿಯೂ ಬರತೊಡಗಿತ್ತು. ನಾನು ಮತ್ತು ನನ್ನ ಹೆಂಡತಿ ಸುಧಾ ಮೂರನೆಯ ಮಹಡಿಯಲ್ಲಿದ್ದೆವು. ನಮ್ಮ ಕೆಳಗಿನ ಮನೆಯಲ್ಲಿ ಬಸವರಾಜ ಒಬ್ಬನೇ ಇದ್ದ. ಗದಗಿನ ಕಡೆಯವನು, ನಮಗೆಲ್ಲ ಬಸು. ನನ್ನ ಆಫೀಸಿನ ಪ್ರಕಾಶ ಮತ್ತು ಅವನ ಹೆಂಡತಿ ವಿದ್ಯಾ ಕ್ವೀನ್ಸ್‌ನಲ್ಲಿದ್ದರು. ನಾವು ಐವರೂ ಭಾನುವಾರ ಫ್ಲಶಿಂಗ್‌ನ ಗಣಪತಿ ದೇವಸ್ಥಾನಕ್ಕೆ ಹೋಗಿ, ದರ್ಶನ ಮುಗಿಸಿ, ಕೆಳಗಿನ ಕ್ಯಾಂಟೀನಿನಲ್ಲಿ ದೋಸೆ ತಿಂದು ಬರುವುದು ರೂಢಿ.

ಯುರೋಪಿಗೆ ಹೋಗಬೇಕೆಂಬ ಆಸೆ ಎಲ್ಲರದ್ದಾದರೂ ರೈಲಿನಲ್ಲಿ, ನಾವೇ ಯೋಜನೆ ಹಾಕಿಕೊಂಡು ಹೋಗಬೇಕೆಂಬ ಹಟ ಬಸುವಿನದು. ಪ್ರಕಾಶ ಯಾವುದೋ ಟೂರ್ ಕಂಪನಿಯ ಬಣ್ಣದ ಪುಸ್ತಿಕೆ ತಂದಿದ್ದ. ಬಸು ಅದನ್ನು ದೋಸೆಯ ತಟ್ಟೆಯ ಕೆಳಗೆ ಹಾಸಿಕೊಂಡ.

“ಬಸ್ಸಿನಾಗ ಕುರಿ ತುಂಬಿದಂಗ ತುಂಬತಾರಲೇ. ಇಳೀರಿ ಅಂದಲ್ಲಿ ಇಳೀಬೇಕು, ಫೋಟೋ ತಗೀರಿ ಅಂದಾಗ ತಗೀಬೇಕು. ಅದ್ಕ ನೀ ನಿನ್ನ ಹೆಂಡ್ತೀನ್ನ ಕರ್ಕೊಂಡು ಹೋಗು, ನಾ ಬರಂಗಿಲ್ಲ.”

“ನೀನು ಮೊದಲು ಒಬ್ಬ ಹೆಂಡತೀನ ಹುಡುಕ್ಕೋ, ಆಮೇಲೆ ಟ್ರೈನ್ ಹುಡುಕು” ಎಂದಳು ವಿದ್ಯಾ.

“ಟ್ರೈನ್ ಹೊತ್ತಿಗೆ ಸರಿಯಾಗಿ ಬರ್ತಾವ್ರೀ ಅಕ್ಕಾರ” ಎಂದ ಬಸು.

ಅವನ ಹತ್ತಿರ ಇಡೀ ಯುರೋಪಿನ ರೈಲುಗಳ ವೇಳಾಪಟ್ಟಿಯ ದಪ್ಪ ಪುಸ್ತಕವಿತ್ತು. ನಾಲ್ಕು ತಿಂಗಳು ಅದೇ ಅವನ ಓದು. ನಮ್ಮ ಪಾಸ್‌ಪೋರ್ಟುಗಳಿಗೆ ಒಂದೇ ವೀಸಾದಲ್ಲಿ ಅನೇಕ ದೇಶಗಳು ಸಿಗುತ್ತಿದ್ದರೂ ಸ್ವಿಟ್ಜರ್ಲೆಂಡಿಗೆ ಬೇರೆಯದೇ ಬೇಕಿತ್ತು. ಅದನ್ನು ಮುಟ್ಟದೆ ಸುತ್ತಿಕೊಂಡು ಹೋಗುವ ದಾರಿಯನ್ನು ಪೆನ್ಸಿಲಿನಲ್ಲಿ ಎಳೆದ: ಆಮ್‌ಸ್ಟರ್‌ಡ್ಯಾಮ್, ಕಲೋನ್, ಮ್ಯೂನಿಕ್, ಅಲ್ಲಿಂದ ಆಸ್ಟ್ರಿಯಾದ ಬೆಟ್ಟಗಳನ್ನು ದಾಟಿ ವೆರೋನಾ, ವೆನಿಸ್, ರೋಮ್. ಎಲ್ಲಿ ಯಾವ ರೈಲು ಬದಲಿಸಬೇಕು, ಎಷ್ಟು ನಿಮಿಷ ಸಿಗುತ್ತದೆ, ಯಾವ ಕಡೆಯ ಕಿಟಕಿಗೆ ಕೂತರೆ ನದಿ ಕಾಣುತ್ತದೆ, ಎಲ್ಲವನ್ನೂ ಬರೆದ. ಒಟ್ಟಿಗೆ ಪ್ರಯಾಣ ಮಾಡುವ ಐದು ಜನರಿಗೆ ಒಂದೇ ರೈಲು ಪಾಸ್ ಸಿಗುತ್ತಿತ್ತು. ಐವರ ಹೆಸರೂ ಒಂದೇ ಹಾಳೆಯ ಮೇಲೆ. ಅದನ್ನೇ ಕೊಂಡೆವು.

ಹೊರಡಲು ಐದು ವಾರವಿದ್ದಾಗ ಬಸುವಿನ ಕೆಲಸ ಹೋಯಿತು.

ಆಗ ಕೆಲಸದ ವೀಸಾದ ಮೇಲಿದ್ದ ನಮ್ಮಂಥವರಿಗೆ ಕೆಲಸ ಹೋಯಿತೆಂದರೆ ಅಲ್ಲಿ ಉಳಿಯುವ ಹಕ್ಕೂ ಅಲುಗಾಡಿತೆಂದೇ ಅರ್ಥ. ಇನ್ನೊಂದು ಕಂಪನಿ ಸಿಗುವ ಮೊದಲು ದೇಶ ಬಿಟ್ಟರೆ ಮರಳಿ ಒಳಗೆ ಬಿಡುತ್ತಾರೆಂಬ ಭರವಸೆ ಇರಲಿಲ್ಲ. ಬಸು ತಾನು ಬರುವುದಿಲ್ಲವೆಂದ. ನಾವೂ ನಿಲ್ಲಿಸೋಣವೆಂದಾಗ ಸಿಟ್ಟಾದ. “ಹುಚ್ಚರಂಗ ಮಾಡಬ್ಯಾಡ್ರಿ. ನಾಕು ತಿಂಗಳು ನಾ ಹಾಕಿದ ಪ್ಲ್ಯಾನ್ ಅದ. ಯಾರಾರ ಹೋಗಿ ಸರಿ ಅದನೋ ಇಲ್ಲೋ ನೋಡ್ಬೇಕಲ್ಲ?” ಎಂದು ಎಲ್ಲ ಬರೆದಿಟ್ಟಿದ್ದ ಫೈಲನ್ನು ನನ್ನ ಕೈಗೆ ಹಾಕಿ, ದಾರಿಗೆಂದು ಶೇಂಗಾ ಚಟ್ನಿಪುಡಿಯ ಡಬ್ಬಿ ಕೊಟ್ಟ.

ಕೆಲಸ ಕಳೆದುಕೊಂಡವನ ಹತ್ತಿರ ಆ ವಿಷಯ ಎತ್ತಬಾರದೆಂಬ ಒಂದು ಅಲಿಖಿತ ಮರ್ಯಾದೆ ಅಂದು ನಮ್ಮ ನಡುವೆ ಇತ್ತು. ಹೇಗಿದ್ದೀಯ ಎಂದರೂ ಚುಚ್ಚಿದಂತಾಗುತ್ತದೆಂದು ಮೆಟ್ಟಿಲ ಮೇಲೆ ಸಿಕ್ಕರೆ ಹವಾಮಾನದ ಮಾತಾಡಿ ಜಾರಿಕೊಳ್ಳುತ್ತಿದ್ದೆವು. ಹೊರಡುವ ಹಿಂದಿನ ದಿನ ಸುಧಾ ಹೇಳಿದಳು, “ಅಲ್ಲಿಂದ ಅವನಿಗೆ ಫೋನ್ ಮಾಡೋದು ಬೇಡ ರೀ. ನಾವು ಅದು ನೋಡಿದ್ವಿ ಇದು ನೋಡಿದ್ವಿ ಅಂತ ಹೇಳಿದ್ರೆ ಅವನ ಹೊಟ್ಟೆ ಉರಿಸ್ದ ಹಾಗಾಗತ್ತೆ.” ನನಗೂ ಸರಿ ಎನ್ನಿಸಿತು. ಪ್ರಕಾಶ, ವಿದ್ಯಾ ಕೂಡ ಒಪ್ಪಿದರು. ಕಂಪನಿ ಕೊಡುತ್ತಿದ್ದ ವೈದ್ಯಕೀಯ ವಿಮೆಯೂ ಕೆಲಸದೊಂದಿಗೆ ಹೋಗುತ್ತದೆಂಬುದು ನಾಲ್ವರಿಗೂ ಗೊತ್ತಿದ್ದ ವಿಷಯ. ಒಬ್ಬರೂ ಅದನ್ನು ಯೋಚಿಸಲಿಲ್ಲ.

ಮೊದಲ ಎಂಟು ದಿನ ನಿಜವಾಗಿಯೂ ಸಂತೋಷದಲ್ಲಿ ಕಳೆದವು. ಬಸುವಿನ ಯೋಜನೆಯಲ್ಲಿ ಒಂದು ನಿಮಿಷವೂ ತಪ್ಪಿರಲಿಲ್ಲ. ಅವನು ಹೇಳಿದ ಕಡೆಗೇ ಕೂತೆವು. ರೈನ್ ನದಿ, ದಡದ ಕೋಟೆಗಳು, ದ್ರಾಕ್ಷಿಯ ಇಳಿಜಾರುಗಳು ಆ ಕಡೆಗೇ ಬಂದವು. ಸ್ಟೇಷನ್ನಿನ ಬ್ರೆಡ್ಡಿಗೆ ಚಟ್ನಿಪುಡಿ ಹಚ್ಚಿಕೊಂಡು ತಿಂದೆವು. ಪ್ರತಿ ರೈಲಿನಲ್ಲೂ ಕಂಡಕ್ಟರ್ ಪಾಸ್ ನೋಡಿ, ಹೆಸರು ಎಣಿಸಿ, ಐದನೆಯವರೆಲ್ಲಿ ಎಂದು ಕೇಳುತ್ತಿದ್ದ. ಬರಲಾಗಲಿಲ್ಲ ಎಂದು ನಾನು ಹೇಳುತ್ತಿದ್ದೆ. ತಲೆಯಾಡಿಸಿ ಮುಂದೆ ಹೋಗುತ್ತಿದ್ದ.

ಒಂಬತ್ತನೆಯ ದಿನ ಬೆಳಿಗ್ಗೆ ಮ್ಯೂನಿಕ್‌ನಿಂದ ವೆರೋನಾದ ರೈಲು ಹತ್ತಿದೆವು. ಆರು ಸೀಟಿನ ಕಂಪಾರ್ಟ್‌ಮೆಂಟು. ಪಕ್ಕದಲ್ಲಿ ಬೋಗಿಯ ಉದ್ದಕ್ಕೂ ಓಡುವ ಕಾರಿಡಾರು, ನಡುವೆ ಗಾಜಿನ ಬಾಗಿಲು. ನಾವು ನಾಲ್ವರು, ಎರಡು ಸೀಟು ಖಾಲಿ. ಇನ್ಸ್‌ಬ್ರುಕ್ ದಾಟಿದ ಮೇಲೆ ರೈಲು ನಿಧಾನವಾಗಿ ಘಾಟಿ ಏರತೊಡಗಿತು. ಮಧ್ಯಾಹ್ನದ ಬಿಸಿಲು ಚೆನ್ನಾಗಿತ್ತು. ಮಂಜು, ಕತ್ತಲೆ ಏನೂ ಇರಲಿಲ್ಲ. ಇದನ್ನು ಬೇಕೆಂದೇ ಹೇಳುತ್ತಿದ್ದೇನೆ.

ಆಸ್ಟ್ರಿಯಾದ ಕಂಡಕ್ಟರ್ ಬಂದ. ಐವತ್ತು ದಾಟಿದವನು, ಬಿಳಿ ಮೀಸೆ, ನಿಧಾನವಾದ ಒಳ್ಳೆಯ ಇಂಗ್ಲಿಷ್. ಪಾಸ್ ಕೊಟ್ಟು, ನಮ್ಮ ಐದನೆಯವರು ಎಂದು ನಾನು ಎಂದಿನ ಮಾತು ಶುರುಮಾಡಿದೆ. ಅವನು ಕೈಯೆತ್ತಿ ತಡೆದ. “ಗೊತ್ತು, ಅವರು ಕಾರಿಡಾರಿನಲ್ಲಿದ್ದಾರೆ. ಪಾಸ್ ಸ್ನೇಹಿತರ ಹತ್ತಿರ ಇದೆ ಅಂದರು” ಎಂದ. ಪಾಸ್ ಹಿಂದಿರುಗಿಸಿ, ಖಾಲಿ ಸೀಟುಗಳನ್ನು ನೋಡಿ, “ಅವರನ್ನು ಕರೆದು ಕೂರಿಸಿಕೊಳ್ಳಿ. ಹುಷಾರಿಲ್ಲ ಅನ್ನಿಸುತ್ತೆ. ಹೊಟ್ಟೆ ಹಿಡಿದುಕೊಂಡು ನಿಂತಿದ್ದಾರೆ” ಎಂದು ಬಾಗಿಲೆಳೆದುಕೊಂಡು ಹೋದ.

ಪ್ರಕಾಶ ನಕ್ಕ. “ಬೇರೆ ಯಾರೋ ಇಂಡಿಯನ್ ಇರ್ಬೇಕು ಮಾರಾಯ. ಇವರಿಗೆ ನಾವೆಲ್ಲ ಒಂದೇ ಥರ ಕಾಣ್ತೀವಿ.” ಅದು ಸರಿಯಾದ ವಿವರಣೆ. ಇಂದಿಗೂ ಅದಕ್ಕಿಂತ ಒಳ್ಳೆಯದು ನನ್ನಲ್ಲಿಲ್ಲ.

ಆದರೂ ನಾನೆದ್ದು ಬಾಗಿಲು ಸರಿಸಿದೆ. ಕಾರಿಡಾರಿನ ಕೊನೆಯಲ್ಲಿ, ನನ್ನಿಂದ ಹದಿನೈದು ಹೆಜ್ಜೆಯಾಚೆ, ಒಬ್ಬ ಮನುಷ್ಯ ನಿಂತಿದ್ದ. ನನಗೆ ಬೆನ್ನು ಮಾಡಿದ್ದ. ಹಣೆಯನ್ನು ಕಿಟಕಿಯ ಗಾಜಿಗೆ ಒತ್ತಿಕೊಂಡು, ಸ್ವಲ್ಪ ಬಗ್ಗಿದ್ದ. ಕಂದು ಸ್ವೆಟರ್, ಕಪ್ಪು ಕೂದಲು. ಮುಖ ಕಾಣಲಿಲ್ಲ. ಬಸುವಿನಷ್ಟೇ ಎತ್ತರ ಎನ್ನಬಹುದು, ಆದರೆ ಆ ಎತ್ತರದವರು ಸಾವಿರ ಜನ ಇರುತ್ತಾರೆ. ಬಸುವಿನ ಹತ್ತಿರ ಕಂದು ಸ್ವೆಟರ್ ಇದ್ದುದನ್ನು ನಾನು ಎಂದೂ ನೋಡಿಲ್ಲ, ಅದನ್ನೂ ಹೇಳಿಬಿಡಬೇಕು.

ನಾನು ಹೆಜ್ಜೆ ಮುಂದಿಡಲಿಲ್ಲ. ಕರೆಯಲೂ ಇಲ್ಲ. ಬಸೂ ಎಂದು ಕೂಗಿದರೆ ಆತ ತಿರುಗಿಬಿಟ್ಟಾನೆಂಬ ಹೆದರಿಕೆ ಬಂತು. ಅಷ್ಟರಲ್ಲಿ ಗಡಿಯ ಬ್ರೆನ್ನರ್ ಸ್ಟೇಷನ್ ಬಂದು, ಇಳಿಯುವವರು ಪೆಟ್ಟಿಗೆಗಳೊಂದಿಗೆ ಕಾರಿಡಾರು ತುಂಬಿದರು. ಅವರು ಇಳಿದ ಮೇಲೆ ಅಲ್ಲಿ ಯಾರೂ ಇರಲಿಲ್ಲ. ಕಂಡಕ್ಟರ್ ಕೂಡ ಅಲ್ಲೇ ಇಳಿದ. ಮುಂದಕ್ಕೆ ಇಟಲಿಯ ಸಿಬ್ಬಂದಿ ಬಂದರು. ನಾನು ಒಳಗೆ ಬಂದು ಕೂತೆ. “ಯಾರು?” ಎಂದಳು ಸುಧಾ. “ಯಾರೋ” ಎಂದೆ.

ವೆರೋನಾದವರೆಗೆ ಮೂರು ಗಂಟೆ ನನಗೆ ಕೂರಲಾಗಲಿಲ್ಲ. ಇಳಿದೊಡನೆ ಫೋನ್ ಕಾರ್ಡು ಕೊಂಡು ಬಸುವಿಗೆ ಫೋನ್ ಮಾಡಿದೆ. ಜೆರ್ಸಿಯಲ್ಲಿ ಆಗ ಬೆಳಿಗ್ಗೆ ಒಂಬತ್ತರ ಹೊತ್ತು. ಬಹಳ ಸಲ ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಆಮೇಲೆ ನಮ್ಮ ಕಟ್ಟಡದ ಮೊದಲ ಮಹಡಿಯ ಶಾಂತಾ ಆಂಟಿಗೆ ಮಾಡಿದೆ. ನಡೆದದ್ದನ್ನು ಹೇಳಲು ನಾಚಿಕೆಯಾಗಿ, ಒಂದು ರೈಲಿನ ಸಮಯ ಕೇಳಬೇಕಿತ್ತು, ಬಸು ಫೋನ್ ಎತ್ತುತ್ತಿಲ್ಲ ಎಂದು ಸುಳ್ಳು ಹೇಳಿದೆ.

“ಎರಡು ದಿನದಿಂದ ನಾನೂ ನೋಡಿಲ್ಲಪ್ಪ” ಎಂದರು ಆಂಟಿ. “ಮೊನ್ನೆ ಮೆಟ್ಟಿಲ ಹತ್ರ ಸಿಕ್ಕಿದ್ದ. ಮುಖ ಬಾಡಿತ್ತು. ಕೆಲಸದ ಯೋಚನೆ ಇರತ್ತೆ, ಕೇಳೋದು ಬೇಡ ಅಂತ ಸುಮ್ನಾದೆ.”

“ಆಂಟಿ, ದಯವಿಟ್ಟು ಹೋಗಿ ಬಾಗಿಲು ತಟ್ಟಿ ನೋಡಿ. ತೆಗೀದೇ ಇದ್ರೆ ಬಿಲ್ಡಿಂಗ್ ಸೂಪರ್ ಹತ್ರ ಕೀ ಇರತ್ತೆ, ತೆಗೆಸಿ.”

“ರೈಲಿನ ಟೈಮ್ ಕೇಳೋಕಾ?” ಎಂದರು ಅವರು. “ಹೋಗಿ ಆಂಟಿ” ಎಂದೆ. “ಹೋಗ್ತೀನಿ” ಎಂದರು.

ಮುಕ್ಕಾಲು ಗಂಟೆಯ ಮೇಲೆ ಮತ್ತೆ ಮಾಡಿದಾಗ ಆಂಟಿ ಅಳುತ್ತಿದ್ದರು. ಕಟ್ಟಡ ನೋಡಿಕೊಳ್ಳುವ ಸೂಪರ್ ಬಂದು ಬಾಗಿಲು ತೆಗೆದಿದ್ದ. ಬಸು ಬಚ್ಚಲುಮನೆಯ ನೆಲದ ಮೇಲೆ ಬಿದ್ದಿದ್ದ. ಪ್ರಜ್ಞೆ ಇದ್ದೂ ಇಲ್ಲದಂತಿತ್ತು. ಆಂಬುಲೆನ್ಸ್ ಆಗಲೇ ಅವನನ್ನು ಕರೆದೊಯ್ದಿತ್ತು. ಅಪೆಂಡಿಕ್ಸ್ ಒಡೆದು ಹೊಟ್ಟೆಯೆಲ್ಲ ನಂಜಾಗಿತ್ತೆಂದು ಆಮೇಲೆ ತಿಳಿಯಿತು. ಮೂರು ದಿನದಿಂದ ನೋವಿತ್ತು. ವಿಮೆ ಇಲ್ಲದೆ ಆಸ್ಪತ್ರೆಗೆ ಹೇಗೆ ಹೋಗುವುದೆಂದು, ಗ್ಯಾಸ್ ಇರಬೇಕೆಂದುಕೊಂಡು ಜೀರಿಗೆ ನೀರು ಕುಡಿಯುತ್ತ ಮಲಗಿದ್ದನಂತೆ. ಸಂಜೆಯವರೆಗೆ ಬಿಟ್ಟಿದ್ದರೆ ಕಷ್ಟವಿತ್ತೆಂದು ಡಾಕ್ಟರು ಆಂಟಿಗೆ ಹೇಳಿದರು.

ನಾವು ವೆನಿಸ್ ನೋಡಲಿಲ್ಲ. ಸಿಕ್ಕ ವಿಮಾನ ಹಿಡಿದು ನಾಲ್ವರೂ ವಾಪಸಾದೆವು. ಬಸು ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದು ಬದುಕಿಕೊಂಡ. ಚಳಿಗಾಲದ ಹೊತ್ತಿಗೆ ಮ್ಯಾನ್‌ಹಟನ್‌ನಲ್ಲಿ ಬೇರೆ ಕೆಲಸವೂ ಸಿಕ್ಕಿತು.

ಕಾರಿಡಾರಿನ ವಿಷಯವನ್ನು ಅವನಿಗೆ ಹೇಳಲು ನನಗೆ ಆರು ತಿಂಗಳು ಬೇಕಾದವು. ನಮ್ಮ ಮನೆಯಲ್ಲಿ, ಮಧ್ಯಾಹ್ನದ ಊಟದ ಮೇಲೆ, ಇಲ್ಲಿ ಬರೆದಷ್ಟನ್ನೇ ಹೇಳಿದೆ. ಆ ದಿನ ನಿನಗೇನಾದರೂ ಕನಸು ಬಿದ್ದಿತ್ತೇ, ರೈಲಿನ ನೆನಪೇನಾದರೂ ಬಂದಿತ್ತೇ ಎಂದು ಕೇಳಿದೆ. ಹೌದೆನ್ನಲಿ ಎಂಬ ಆಸೆ ನನ್ನೊಳಗೆ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಬಸು ಅಡ್ಡಡ್ಡ ತಲೆಯಾಡಿಸಿದ. “ಇಲ್ಲೋ. ಯಾವ ರೈಲೂ ಇಲ್ಲ, ಯಾವ ಕನಸೂ ಇಲ್ಲ. ಬಾಯಿ ಒಣಗಿತ್ತು. ಬಾಗಲಾ ಯಾರಾರ ಬಡದಾರೇನು ಅಂತ ಕೇಳಕೋತ ಬಿದ್ದಿದ್ದೆ, ಅಷ್ಟ.” ಆಮೇಲೆ ನನ್ನನ್ನು ನೋಡಿ ಕೇಳಿದ, “ಅಂವ ಯಾರರ ಇರ್ಲಿ. ಹುಷಾರಿಲ್ಲ ಅಂತ ಆ ಕಂಡಕ್ಟರ್ ಹೇಳಿದ್ನಲ್ಲ? ಕಣ್ಮುಂದ ನಿಂತಿದ್ನಲ್ಲ? ನೀ ಯಾಕ ಹತ್ತರ ಹೋಗಿ ಮಾತಾಡಸ್ಲಿಲ್ಲ?”

ಕೋಪವಿರಲಿಲ್ಲ ಆ ಮಾತಿನಲ್ಲಿ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದ.

ಅಲ್ಲಿ ನಿಂತಿದ್ದವನು ಯಾರೆಂಬುದು ನನಗೆ ಇನ್ನೂ ಗೊತ್ತಿಲ್ಲ. ಬಸುವಿನ ಪ್ರಶ್ನೆಗೂ ಉತ್ತರ ಗೊತ್ತಿಲ್ಲ. ವರ್ಷಗಳು ಕಳೆದ ಹಾಗೆ ಮೊದಲನೆಯದು ನನ್ನನ್ನು ಅಷ್ಟಾಗಿ ಕಾಡುವುದಿಲ್ಲ.