ಬೇಡದ ಮನೆಗಳನ್ನು ನೋಡಿದ ಭಾನುವಾರಗಳು

ಎಪ್ಪತ್ತರ ದಶಕದ ನಡುವಿನ ಒಂದು ವರ್ಷ ಪತ್ರಿಕೆಯವರು ನನ್ನನ್ನು ಜಿಲ್ಲಾ ವರದಿಗಾರನನ್ನಾಗಿ ಚಿತ್ರದುರ್ಗಕ್ಕೆ ಕಳಿಸಿದರು. ಹೆಂಡತಿ ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಮಗಳಿಗೆ ಎಂಟು ವರ್ಷ. ಲಾರಿಯಿಂದ ಸಾಮಾನು ಇಳಿಸಿದ ದಿನವೇ ಹೆಂಡತಿ ತನ್ನ ನಿಲುವನ್ನು ಸ್ಪಷ್ಟಪಡಿಸಿದಳು.

"ಯುಗಾದಿವರೆಗೆ ಇರ್ತೀನಿ. ಅಷ್ಟರಲ್ಲಿ ಊರು ಹಿಡಿಸಿದರೆ ಸರಿ. ಇಲ್ಲದಿದ್ದರೆ ನಾನೂ ಮಗೂ ಮೈಸೂರಿಗೆ. ನೀವು ನಿಮ್ಮ ಜಿಲ್ಲೆ ಇಟ್ಕೊಳ್ಳಿ."

ಆಗಷ್ಟೇ ದಸರೆ ಮುಗಿದಿತ್ತು. ನನಗೆ ಸಿಕ್ಕಿದ್ದು ಐದು ತಿಂಗಳು ಮತ್ತು ಕೆಲವು ದಿನ.

ಆ ಮನೆ ಸಿಕ್ಕಿದ್ದೇ ದೊಡ್ಡದು. ಅದಕ್ಕೆ ಮೊದಲು ನಾನೊಬ್ಬನೇ ಒಂದು ತಿಂಗಳು ಲಾಡ್ಜಿನಲ್ಲಿದ್ದು ಊರೆಲ್ಲ ಹುಡುಕಿದ್ದೆ. ಪೊಲೀಸರು, ವಕೀಲರು, ಪೇಪರಿನವರು, ಈ ಮೂರು ಜಾತಿಗೆ ಮನೆ ಕೊಡಬಾರದೆಂಬ ವಿಷಯದಲ್ಲಿ ಊರಿನ ಮನೆ ಮಾಲೀಕರಲ್ಲಿ ಒಮ್ಮತವಿತ್ತು. ಕೊನೆಗೆ ವ್ಯಾಪಾರಸ್ಥರ ಮನೆಯ ಒಬ್ಬ ಹಿರಿಯ ಹೆಂಗಸು ತಮ್ಮ ಮನೆಯ ಹಿಂದಿನ ಭಾಗವನ್ನು ಕೊಟ್ಟರು. ಹಣೆ ತುಂಬ ವಿಭೂತಿ, ಜಗುಲಿಯ ಮೇಲೆ ಸದಾ ಹಾಜರಿ. ಮಗ ಮಂಡಿಯಲ್ಲಿ, ಸೊಸೆ ಒಳಗೆ. ಓಣಿಯವರೆಲ್ಲ ಅವರನ್ನು ಅವ್ವ ಎನ್ನುತ್ತಿದ್ದರು. ನಾವೂ ಹಾಗೇ ಕರೆದೆವು.

"ಪೇಪರ್‌ನೋರಾದ್ರೆ ಆಗ್ಲಿ ಬಿಡ್ರಿ," ಎಂದಿದ್ದರು ಅವ್ವ. "ನಮ್ ಮನ್ಯಾಗೆ ಬರ್ಯಂಥಾದ್ದು ಏನೂ ನಡಿಯಲ್ಲ."

ವಾರದ ಆರು ದಿನ ತೊಂದರೆಯಿರಲಿಲ್ಲ. ಮಗಳಿಗೆ ಸ್ಕೂಲು, ನನಗೆ ಕಚೇರಿಗಳ ಸುತ್ತು, ಸಂಜೆ ಸುದ್ದಿಯ ಕವರನ್ನು ಬೆಂಗಳೂರಿನ ಬಸ್ಸಿಗೆ ಹಾಕುವ ಕೆಲಸ. ಸಮಸ್ಯೆ ಏಳನೆಯ ದಿನದ್ದು. ಮೊದಲ ಭಾನುವಾರ ಕೋಟೆ ಹತ್ತಿದೆವು. ಎರಡನೆಯ ಭಾನುವಾರ ಚಂದ್ರವಳ್ಳಿಗೆ ಹೋಗಿ ಗುಹೆಯೊಳಗೆ ಬೆಂಕಿಕಡ್ಡಿ ಗೀರಿ ನೋಡಿದೆವು. ಮೂರನೆಯ ಭಾನುವಾರ ಮತ್ತೆ ಕೋಟೆ. "ಅದೇ ಕಲ್ಲು," ಎಂದಳು ಮಗಳು. ನಾಲ್ಕನೆಯ ವಾರ ಸಿನಿಮಾ ನೋಡಿದೆವು. ಐದನೆಯ ವಾರವೂ ಅದೇ ಸಿನಿಮಾ ಓಡುತ್ತಿತ್ತು.

ಭಾನುವಾರ ಏನು ಮಾಡುತ್ತೀರೆಂದು ತಾಲ್ಲೂಕು ಕಚೇರಿಯ ಒಬ್ಬ ಗುಮಾಸ್ತರನ್ನು ಕೇಳಿದೆ.

"ನೆಂಟರ ಮನಿಗೆ ಹೋಗ್ತೀವಿ ಸಾರ್. ಇಲ್ಲಾಂದ್ರೆ ನೆಂಟರು ನಮ್ಮನಿಗೆ ಬರ್ತಾರೆ."

"ನೆಂಟರಿಲ್ಲದವರು?"

ಅಂಥವರನ್ನು ಅವರು ಕಂಡಿರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, "ನಿದ್ದೆ ಮಾಡಬೌದು," ಎಂದರು.

ವಿಷಯ ಸ್ಪಷ್ಟವಾಯಿತು. ಊರಿನಲ್ಲಿ ಮನರಂಜನೆಗೇನೂ ಕೊರತೆಯಿರಲಿಲ್ಲ. ಅದೆಲ್ಲ ಮನೆಗಳ ಒಳಗಿತ್ತು. ಒಳಗೆ ಹೋಗಲು ರಕ್ತಸಂಬಂಧ ಬೇಕಿತ್ತು.

ಆರನೆಯ ಭಾನುವಾರ ಬೇರೆ ದಾರಿಯಿಲ್ಲದೆ ಮತ್ತೆ ಚಂದ್ರವಳ್ಳಿಗೆ ಹೋಗಿ ಮಧ್ಯಾಹ್ನ ಹಿಂತಿರುಗುತ್ತಿದ್ದೆವು. ಮಗಳಿಗೆ ಬಾಯಾರಿಕೆ. ಒಂದು ಮನೆಯ ಸೂರಿನ ನೆರಳಿಗೆ ನಿಂತೆವು. ತಲೆಯ ಮೇಲೆ 'ಮನೆ ಬಾಡಿಗೆಗೆ ಇದೆ' ಎಂಬ ತಗಡಿನ ಬೋರ್ಡು ತೂಗುತ್ತಿದ್ದುದನ್ನು ನಾವು ನೋಡಿರಲಿಲ್ಲ. ಒಳಗಿಂದ ಹೆಂಗಸೊಬ್ಬರು ಬಂದರು.

"ಮನೆ ನೋಡಾಕ್ ಬಂದ್ರಾ? ಹೊರಗೆ ಯಾಕ್ ನಿಂತೀರಿ? ಬರ್ರಿ, ಕುಂತ್ಕಳ್ರಿ."

ತಿದ್ದುಪಡಿ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಹೊಸ್ತಿಲು ದಾಟಿದ್ದಳು. ನೀರು ಬಂತು, ಮಂಡಕ್ಕಿ ಬಂತು, ಮೆಣಸಿನಕಾಯಿ ಬಜ್ಜಿ ಬಂತು. ನಡುಮನೆ, ಅಡಿಗೆಮನೆ, ಹಿತ್ತಲು ಎಲ್ಲ ತೋರಿಸಿದರು. ಅತ್ತೆ ಯಾವ ಕೋಣೆಯಲ್ಲಿ ಮಲಗುತ್ತಿದ್ದರು, ಯಾಕೆ ಕೋಣೆ ಬದಲಾಯಿಸಿದರು ಎಂಬುದನ್ನೂ ಹೇಳಿದರು. ಅವತ್ತು ಸಂಜೆ ಹೆಂಡತಿ ಮೈಸೂರಿನ ಮಾತೇ ಎತ್ತಲಿಲ್ಲ.

"ಒರಳುಕಲ್ಲು ನಡುಮನೇಲಿ ಇಟ್ಟಿದಾರೆ, ನೋಡಿದಿರಾ? ರುಬ್ಬೋಳು ಬಂದವರ ಕಾಲಿಗೆ ಸಿಕ್ಕಲ್ವಾ?" ಎಂದು ಮಲಗುವವರೆಗೆ ವಿಚಾರ ಮಾಡಿದಳು.

ಮುಂದಿನ ಭಾನುವಾರ ಬೆಳಿಗ್ಗೆಯೇ ತಲೆ ಬಾಚಿಕೊಂಡು ಸಿದ್ಧಳಾದಳು. "ಬೋರ್ಡು ಎಲ್ಲೆಲ್ಲಿ ಹಾಕಿದಾರೆ, ನಿಮಗೆ ಗೊತ್ತಿರಬೇಕಲ್ಲ?"

ಗೊತ್ತಿತ್ತು. ಹಿಂದೆ ನನಗೆ ಮುಚ್ಚಿದ ಬಾಗಿಲುಗಳೇ ಅವು. ಹೆಂಡತಿ ಮಗಳ ಜೊತೆ ಹೋದಾಗ ಅವೇ ಬಾಗಿಲು ತೆರೆದವು. ಮನೆ ಅಗತ್ಯವಿದ್ದಾಗ ಜಗುಲಿ ಹತ್ತಿಸಿಕೊಳ್ಳದವರು, ಅಗತ್ಯವಿಲ್ಲದಾಗ ದೇವರಮನೆಯವರೆಗೆ ಕರೆದೊಯ್ದರು.

ಒಂದು ಮನೆಯಲ್ಲಿ ಬಚ್ಚಲಿನ ಗೋಡೆಯೇ ಬಂಡೆ. ಬೆಟ್ಟದ ಬುಡದಲ್ಲಿ ಮೂರು ಗೋಡೆ ಕಟ್ಟಿ ನಾಲ್ಕನೆಯದನ್ನು ಬೆಟ್ಟಕ್ಕೇ ಬಿಟ್ಟಿದ್ದರು. "ಗೋಡೆ ಬಿರುಕು ಬಿಡ್ತಾವೆ, ಬಂಡೆ ಬಿಡಲ್ಲ ನೋಡ್ರಿ," ಎಂದು ಮಾಲೀಕರು ಅದನ್ನು ತಟ್ಟಿ ತೋರಿಸಿದರು. "ನಮ್ ತಾತನ ಕಾಲದಿಂದ ಐತೆ."

"ಅದಕ್ಕಿಂತ ಮೊದಲೂ ಇದ್ದಿರಬಹುದು," ಎಂದಳು ಹೆಂಡತಿ.

ಇನ್ನೊಂದು ಮನೆಯವರು ನೀರಿಗೆ ಬರವೇ ಇಲ್ಲವೆಂದು ನಲ್ಲಿ ತಿರುಗಿಸಿದರು. ಅದು ಉಸಿರು ಬಿಟ್ಟಿತು, ಕೆಮ್ಮಿತು, ಸುಮ್ಮನಾಯಿತು. "ಭಾನ್ವಾರ ಅಲ್ಲೇನ್ರಿ," ಎಂದು ನಲ್ಲಿಯ ಪರವಾಗಿ ಮಾತಾಡಿದರು. ನಿವೃತ್ತ ಮೇಷ್ಟ್ರೊಬ್ಬರು ಮನೆ ತೋರಿಸುವ ಮುನ್ನ ಮಗಳಿಗೆ ಹದಿಮೂರರ ಮಗ್ಗಿ ಹೇಳಿಸಿದರು. ಅವಳು ಹೇಳಿ ಮುಗಿಸಿದ ಮೇಲೆ, "ಮಗು ಪಾಸು. ಅಪ್ಪ ಏನ್ ಓದ್ಯಾರೆ?" ಎಂದು ನನ್ನ ಕಡೆ ತಿರುಗಿದರು.

ನಾವು ಸುಳ್ಳು ಹೇಳಲಿಲ್ಲವೆಂಬುದನ್ನು ಇಲ್ಲಿ ದಾಖಲಿಸಬೇಕು. ಮನೆ ಬೇಕೆಂದು ಒಮ್ಮೆಯೂ ಅನ್ನಲಿಲ್ಲ. ಮನೆ ಖಾಲಿ ಇದೆಯಾ ಎಂದು ಕೇಳುತ್ತಿದ್ದೆವು, ಯೋಚಿಸಿ ಹೇಳುತ್ತೇವೆಂದು ಎದ್ದು ಬರುತ್ತಿದ್ದೆವು. ಪ್ರಶ್ನೆ ಎಂದೂ ಸುಳ್ಳಾಗಲಾರದು ಎಂಬುದು ನನ್ನ ವಾದವಾಗಿತ್ತು. "ಆ ವಾದ ನಿಮ್ಮ ಪೇಪರಿನಲ್ಲಿ ಹಾಕ್ಕೊಳ್ಳಿ, ಮೊದಲು ಈ ಬೀದಿ ಮುಗಿಸೋಣ," ಎನ್ನುತ್ತಿದ್ದಳು ಹೆಂಡತಿ.

ಎಲ್ಲ ಮಾಲೀಕರೂ ತಪ್ಪದೆ ಕೇಳುತ್ತಿದ್ದ ಪ್ರಶ್ನೆ ಒಂದಿತ್ತು: ಈಗಿರುವ ಮನೆ ಯಾಕೆ ಬಿಡುತ್ತೀರಿ? ಅದಕ್ಕೆ ಹೆಂಡತಿ ಒಂದೇ ಉತ್ತರ ಇಟ್ಟುಕೊಂಡಿದ್ದಳು: "ಅಡಿಗೆಮನೆ ಸ್ವಲ್ಪ ಕತ್ತಲೆ." ಅದು ನಿಜವೂ ಆಗಿತ್ತು. ಎಲ್ಲಿದ್ದೀರಿ ಎಂದರೆ ಮಾತ್ರ ಓಣಿಯ ಹೆಸರು ಹೇಳದೆ, "ಆ ಕಡೆ" ಎಂದು ಕೈ ತೋರಿಸುತ್ತಿದ್ದೆವು. ಹೀಗೆ ಸಂಕ್ರಾಂತಿ ಕಳೆಯುವ ಹೊತ್ತಿಗೆ ಸುಮಾರು ಇಪ್ಪತ್ತು ಮನೆ ನೋಡಿದ್ದೆವು. ಯುಗಾದಿಯ ಸುದ್ದಿಯನ್ನು ಹೆಂಡತಿ ಎತ್ತುತ್ತಿರಲಿಲ್ಲ. ನಾನೂ ನೆನಪಿಸಲಿಲ್ಲ.

ಎಡವಟ್ಟಾದದ್ದು ಹೊಸದುರ್ಗದಲ್ಲಿ. ಅಲ್ಲಿ ಒಂದು ಭಾನುವಾರ ತೆಂಗು ಬೆಳೆಗಾರರ ಸಭೆಯಿತ್ತು. ವರದಿಗೆ ಹೋಗುವಾಗ ಇಬ್ಬರನ್ನೂ ಕರೆದುಕೊಂಡು ಹೋದೆ. ಸಭೆ ಹನ್ನೆರಡಕ್ಕೇ ಮುಗಿಯಿತು. ವಾಪಸು ಬಸ್ಸು ನಾಲ್ಕಕ್ಕೆ. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನಡೆಯುವಾಗ ಬೋರ್ಡು ಕಂಡಿತು. ಆ ಊರಿನಲ್ಲಿ ಮನೆ ನೋಡಲು ನಮಗೆ ಯಾವ ನೆಪವೂ ಇರಲಿಲ್ಲ. ಕಾಲುಗಳು ತಾವಾಗಿಯೇ ಒಳಗೆ ಹೋದವು.

ಮನೆಯ ಯಜಮಾನರು ಕೊಬ್ಬರಿ ವ್ಯಾಪಾರಿ. ಎಳನೀರು ಕೊಚ್ಚಿಸಿಕೊಟ್ಟರು.

"ಈಗ ಎಲ್ಲಿದೀರಿ?"

"ದುರ್ಗದಲ್ಲಿ."

"ದುರ್ಗದಾಗೆ ಎಲ್ಲಿ?"

ಪರಸ್ಥಳವೆಂಬ ಧೈರ್ಯದಲ್ಲಿ ನಾನು ಓಣಿ ಹೇಳಿದೆ, ಅವ್ವನ ಮನೆಯ ಗುರುತನ್ನೂ ಹೇಳಿದೆ. ಎದುರಿಗಿರುವವರು ಯಾರೆಂದು ಮೊದಲು ಕೇಳಿಕೊಳ್ಳಬೇಕು ಎಂಬುದು ವೃತ್ತಿಯ ಮೊದಲ ಪಾಠ. ಕೇಳಿಕೊಳ್ಳಲಿಲ್ಲ.

"ಅಲ್ಲಿ ಯಾಕ್ ಬಿಡ್ತೀರಿ? ಏನ್ ತೊಂದ್ರೆ ಆಯ್ತು?"

"ಅಡಿಗೆಮನೆ ಸ್ವಲ್ಪ ಕತ್ತಲೆ," ಎಂದಳು ಹೆಂಡತಿ.

ಅವರು ತಲೆಯಾಡಿಸಿದರು. ಮತ್ತೇನೂ ಕೇಳಲಿಲ್ಲ. ಹೊರಡುವಾಗ ಮಗಳ ಕೈಗೆ ಒಂದು ಕೊಬ್ಬರಿ ಗಿಟುಕು ಕೊಟ್ಟರು. ಅವರು ಅವ್ವನ ಒಡಹುಟ್ಟಿದ ತಮ್ಮ. ಅದು ನಮಗೆ ತಿಳಿದದ್ದು ವಾರದ ಕೊನೆಗೆ.

ಸೋಮವಾರ ಅವ್ವ ಜಗುಲಿಯ ಮೇಲಿದ್ದರೂ ನಮ್ಮ ಕಡೆ ತಿರುಗಲಿಲ್ಲ. ಮಂಗಳವಾರ ಮಗಳನ್ನು ಮಾತ್ರ ಮಾತಾಡಿಸಿದರು. ಬುಧವಾರ ಏಣಿ ಹೊತ್ತ ಇಬ್ಬರು ಆಳುಗಳು ಬಂದು, ಹೇಳದೆ ಕೇಳದೆ ನಮ್ಮ ಅಡಿಗೆಮನೆಯ ಮಾಡು ಹತ್ತಿ, ಎರಡು ಹೆಂಚು ತೆಗೆದು ಗಾಜಿನ ಹೆಂಚು ಕೂರಿಸಿದರು. ಒಲೆಯ ಮೇಲೆ ಚೌಕನೆಯ ಬಿಸಿಲು ಬಿತ್ತು. ಹೆಂಡತಿ ಸೌಟು ಹಿಡಿದು ಆ ಬಿಸಿಲಲ್ಲಿ ನಿಂತಳು. "ಯಾರೋ ಹೇಳಿದಾರೆ," ಎಂದಳು.

ಶನಿವಾರ ಮಧ್ಯಾಹ್ನ ಅವ್ವ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತರು.

"ಬೆಳಕು ಸಾಕೇನವ್ವಾ?"

ಹೆಂಡತಿ ಗಾಜಿನ ಹೆಂಚಿನ ಕಡೆ ನೋಡಿ ತಲೆಯಾಡಿಸಿದಳು.

"ನನ್ ತಮ್ಮ ಹೇಳಿ ಕಳ್ಸಿದ್ದ. ನನ್ ಮುಂದೆ ಒಂದ್ ಮಾತು ಅಂದಿದ್ರೆ ಅವತ್ತೇ ಹಾಕಿಸ್ತಿದ್ದೆ. ಇರ್ಲಿ, ಹೋಗೋರನ್ನ ಹಿಡ್ಕಣಾಕಾಗ್ತೈತಾ? ಹೊಳಲ್ಕೆರೆಯಿಂದ ಒಬ್ರು ಡಾಕ್ಟ್ರು ವರ್ಗ ಆಗಿ ಬರ್ತಾ ಅವ್ರೆ. ಮನೆ ಕೇಳ್ಯಾರೆ. ನಾಳೆ ನೋಡಾಕ್ ಬರ್ತಾರೆ."

ಪರಿಸ್ಥಿತಿಯನ್ನು ನಾನು ಶಾಂತವಾಗಿ ಪರಿಶೀಲಿಸಿದೆ. ಈ ಮನೆ ಹೋದರೆ ನಾನು ಲಾಡ್ಜಿಗೆ, ಅವರಿಬ್ಬರು ಮೈಸೂರಿಗೆ. ಹೋದವಳು ಹಿಂತಿರುಗುತ್ತಾಳೆಂದು ಖಚಿತಪಡಿಸುವ ಯಾವ ಮೂಲವೂ ನನ್ನ ಬಳಿ ಇರಲಿಲ್ಲ. ನೋಡಿದ ಇಪ್ಪತ್ತು ಮನೆಗಳಲ್ಲಿ ಒಂದಕ್ಕೂ ಇನ್ನು ಮುಖ ತೋರಿಸುವಂತಿರಲಿಲ್ಲ. ಯೋಚಿಸಿ ಹೇಳುತ್ತೇವೆಂದು ಬಜ್ಜಿ ತಿಂದು ಹೋದವರು ನಾವು. ನಿಜ ಹೇಳುವುದೊಂದೇ ಉಳಿದಿತ್ತು.

"ಅವ್ವಾ, ನಾವು ಮನೆ ಬಿಡ್ತಿಲ್ಲ. ಸುಮ್ಮನೆ ನೋಡೋಕೆ ಹೋಗ್ತಿದ್ವಿ."

"ಯಾತುಕ್ಕೆ?"

"ಭಾನುವಾರ ಹೊತ್ತು ಹೋಗ್ತಿರಲಿಲ್ಲ."

ಅವ್ವ ನನ್ನನ್ನು ದಿಟ್ಟಿಸಿದರು. "ಬಾಡಿಗೆಗಲ್ಲ?"

"ಅಲ್ಲ."

"ಬರೇ ನೋಡಾಕೆ?"

"ಹೌದು."

"ಎಷ್ಟ್ ಮನೆ ನೋಡೀರಿ?"

"ಇಪ್ಪತ್ತು."

ಅವರಿಗೆ ನಂಬಿಕೆ ಬರಲಿಲ್ಲ. ಪರೀಕ್ಷಿಸಲು ಹೆಂಡತಿಯನ್ನು ಕೇಳಿದರು: "ಬಳೆ ಅಂಗಡಿ ಪಕ್ಕದ್ದು ನೋಡೀಯಾ? ಅಡಿಗೆಮನೆ ಎಂಗೈತೆ?"

ಹೆಂಡತಿ ಹೇಳಿದಳು. ಕಪಾಟು ಎಷ್ಟು, ಹೊಗೆ ಎಲ್ಲಿಂದ ಹೋಗುತ್ತದೆ, ಸೊಸೆಯ ಕೋಣೆ ಎಷ್ಟು ಇಕ್ಕಟ್ಟು.

"ಅಯ್ಯೋ ಶಿವನೇ! ಹೊರಗೆ ಅಷ್ಟು ದೊಡ್ಡ ಕಂಬ ನಿಲ್ಸ್ಯಾನೆ, ಒಳಗೆ ಇಷ್ಟೇನಾ?" ಅವ್ವ ಕೂತೇಬಿಟ್ಟರು. "ಅದರೆದುರು ಮನೆ?"

ಐದು ಗಂಟೆಯವರೆಗೆ ಇದೇ ನಡೆಯಿತು. ಅದೇ ಊರಿಗೆ ಸೊಸೆಯಾಗಿ ಬಂದು ನಲವತ್ತು ವರ್ಷವಾಗಿತ್ತು ಅವ್ವನಿಗೆ. "ಮದುವೇಗೆ ಕರೀತಾರೆ, ಚಪ್ಪರದಾಗೆ ಕುಂದ್ರಸ್ತಾರೆ. ಸತ್ತಾಗ ಹೋಗ್ತೀವಿ, ಅವಾಗ ಅಡಿಗೆಮನೆ ನೋಡಿದ್ರೆ ಏನಂತಾರೆ?" ಎಂದರು. ಹೊಳಲ್ಕೆರೆಯ ಡಾಕ್ಟರ ವಿಷಯ ಏನಾಯಿತೆಂದು ಕೇಳಲು ನಮಗೆ ಧೈರ್ಯ ಸಾಲಲಿಲ್ಲ. ಅವರೂ ಹೇಳದೆ ಎದ್ದು ಹೋದರು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅವ್ವ ಹೊಸ ಇಳಕಲ್ ಸೀರೆ ಉಟ್ಟು ಬಾಗಿಲಿಗೆ ಬಂದರು.

"ಡಾಕ್ಟ್ರಿಗೆ ಮನೆ ಇಲ್ಲ ಅಂತ ಹೇಳ್ಕಳ್ಸಿದೆ. ನಡೀರಿ, ಹೋಗಾಣ."

"ಎಲ್ಲಿಗೆ ಅವ್ವಾ?"

"ಮಾರ್ಕೆಟ್ ಹಿಂದೆ ಒಂದು ಮಾಳಿಗೆ ಮನೆ ಐತೆ. ಮೊನ್ನೆ ಬೋರ್ಡು ಹಾಕ್ಯಾರೆ."

ಆ ಮನೆಯಲ್ಲಿ ಅವರು ನಮ್ಮಂತೆ ಸಂಕೋಚಪಡಲಿಲ್ಲ. ಬಾಗಿಲುಗಳನ್ನು ತಳ್ಳಿ ನೋಡಿದರು, ಉಗ್ರಾಣಕ್ಕೆ ಮೂಗು ಹಾಕಿ ಮೂಸಿದರು, ಬಚ್ಚಲಿಗೆ ಒಂದು ಚೊಂಬು ನೀರು ಸುರಿದು ಎಲ್ಲಿಗೆ ಹರಿಯುತ್ತದೆಂದು ಕಾದರು. ಎಲ್ಲ ಮುಗಿಸಿ ನಡುಮನೆಗೆ ಬಂದು ಹೆಂಡತಿಗೆ ಗಂಭೀರವಾಗಿ ಹೇಳಿದರು:

"ಇದು ನಮ್ಮನಿಗಿಂತ ಚೆನ್ನಾಗೈತೆ ಕಣವ್ವಾ. ಇದ್ನೇ ಹಿಡ್ಕಳ್ರಿ."

"ನಾವೆಲ್ಲಿಗೂ ಹೋಗಲ್ಲ ಅವ್ವಾ," ಎಂದಳು ಹೆಂಡತಿ. "ಈ ಊರಾಗೇ ಇರ್ತೀವಿ, ನಿಮ್ಮನೇಲೇ ಇರ್ತೀವಿ."

ಕಾಫಿ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಮನೆಯೊಡತಿ ಇದನ್ನೆಲ್ಲ ಕೇಳಿಸಿಕೊಂಡರು.

"ಹಂಗಾದ್ರೆ ಬಂದದ್ಯಾಕೆ?"

ನಾನು ನೆಲ ನೋಡಿದೆ. ಅವ್ವ ತಟ್ಟೆಯಿಂದ ಒಂದು ಲೋಟ ಎತ್ತಿಕೊಂಡರು.

"ನೋಡಾಕೆ. ನಲವತ್ತು ವರ್ಷ ನಿಮ್ ಜಗುಲಿ ಮುಂದೇ ಓಡಾಡೀನಿ, ಒಂದು ದಿನ ಒಳಗೆ ಬಾ ಅಂದೀಯೇನು ನೀನು?"

ಮನೆಯೊಡತಿ ತಟ್ಟೆಯನ್ನು ಕೆಳಗಿಟ್ಟು, "ಹಂಗಾದ್ರೆ ಮಾಳಿಗೆನೂ ನೋಡಿಬಿಡ್ರಿ," ಎಂದು ಬೀಗದ ಕೈ ತರಲು ಒಳಗೆ ಹೋದರು.