ನುಗ್ಗೆ ಬುಡದ ಹೆಗ್ಗಣ

ನನ್ನ ವಾರಗಿತ್ತಿ ಬೋರಮ್ಮನಷ್ಟು ಹೆಗ್ಗಣದ ಜಾಡು ಬಲ್ಲವರು ದೊಡ್ಡಆಲಹಳ್ಳಿಯಲ್ಲೇ ಇಲ್ಲ. ಬಿಲದ ಬಾಯಲ್ಲಿ ಹಸಿಮಣ್ಣು ಗುಡ್ಡೆಯಾಗಿದ್ದರೆ ಹೆಗ್ಗಣ ಒಳಗಿದೆ. ಜೇಡ ಬಲೆ ಕಟ್ಟಿದ್ದರೆ ಜಾಗ ಬಿಟ್ಟಿದೆ. ಬೆಳಗ್ಗೆ ಎದ್ದವಳು ಹಿತ್ತಿಲ ನುಗ್ಗೆ ಮರದ ಬುಡ ನೋಡಿದ ಮೇಲೇ ಮುಖಕ್ಕೆ ನೀರು. ಎದ್ದ ಮಣ್ಣನ್ನು ಬೆರಳಲ್ಲಿ ತಡಕಿ, ಮತ್ತೆ ಬಿಲಕ್ಕೇ ತುಂಬಿ, ಮೇಲೆ ಹೆಂಚಿನ ಚೂರು ಇಡುತ್ತಿದ್ದಳು.

ಊರವರು ನಗುತ್ತಿದ್ದರು. ಅವರ ಬಾಯಿಗೆ ಮಣ್ಣು ಹಾಕ. ಆ ಬುಡದಲ್ಲಿ ಅವಳ ಚೊಚ್ಚಲ ಕೂಸಿದೆ ಎಂದು ಅವಳು ನನ್ನೊಬ್ಬಳಿಗೇ ಹೇಳಿದ್ದಳು. ನಾನು ಈ ಮನೆಗೆ ಬರುವ ಮೊದಲೇ, ಹುಟ್ಟಿದ ದಿನವೇ ಹೋದ ಹೆಣ್ಣುಮಗು. ಎಳೆಗೂಸಾದರೆ ಆಗ ಹಿತ್ತಿಲಲ್ಲೇ ಮಣ್ಣು ಮಾಡುತ್ತಿದ್ದರು. ಕಾಲ ಮೇಲೆ ಮಲಗಿಸಿಕೊಂಡು ಒಂದು ಸಲ ನೀರೆರೆಯುವ ಭಾಗ್ಯವೂ ತಾಯಿಗಿರಲಿಲ್ಲ. ಹಸಿ ಬಾಣಂತಿ ನೋಡಬಾರದೆಂದು ಅವಳನ್ನು ಕೋಣೆಯಿಂದ ಏಳಗೊಡಲಿಲ್ಲವಂತೆ. ಎಲ್ಲಿ ಎಂದು ಕೇಳಿದ್ದಕ್ಕೆ ಅತ್ತೆ, "ನುಗ್ಗೆ ಬುಡದಾಗೆ" ಅಂದರಂತೆ. ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ. ಅವಳ ಗಂಡ ದಾಸಪ್ಪನಂತೂ ಬಾಯಿಗೆ ಬೀಗ ಹಾಕಿಕೊಂಡವನು.

ಹೋದ ವರ್ಷ ಹೆಗ್ಗಣ ಅಡುಗೆಮನೆ ಗೋಡೆಯ ಕೆಳಗೂ ತೋಡಿತು. ಗೋಡೆ ಬಿರುಕು ಬಿಟ್ಟಿತು. ಬಿಲ ಅಗೆಸಲು ದಾಸಪ್ಪ ಕೂಲಿಯ ಹುಚ್ಚಯ್ಯನನ್ನು ಕರೆತಂದ. ಬೋರಮ್ಮ ಓಡಿಬಂದು ಬಿಲದ ಮೇಲೇ ಕೂತುಬಿಟ್ಟಳು.

"ನನ್ ಕೂಸು ಐತೆ ಕನಪ್ಪ ಇಲ್ಲಿ. ಗುದ್ಲಿ ತಾಗಿಸ್‌ಬ್ಯಾಡಿ."

ದಾಸಪ್ಪ ತಲೆ ತಗ್ಗಿಸಿದ. "ಇಲ್ಲಿಲ್ಲ ಕನಮ್ಮಿ. ಆಗ ಎಲ್ಡು ನುಗ್ಗೆ ಮರ ಇದ್ದೋ. ನಾನು ಮಣ್ ಮಾಡಿದ್ದು ಆ ಇನ್ನೊಂದ್ರ ಬುಡದಾಗೆ."

ಆ ಮರವನ್ನು ಕಡಿದು ಅದೇ ಜಾಗದಲ್ಲಿ ನಮ್ಮ ಬಚ್ಚಲು ಕಟ್ಟಿದ್ದು. ಕೂಸಿರುವ ಬುಡವನ್ನು ಯಾರಾದರೂ ಕಡಿದಾರೇ ಎಂದು ಬೋರಮ್ಮ ಉಳಿದ ಮರವನ್ನೇ ನಂಬಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. "ಭಾವ, ಈಟು ವರ್ಸ ಅವ್ಳು ಮಣ್ ಮುಚ್ಚೋದ ನೋಡ್ಕಂಡು ಕೂತಿದ್ರಲ್ಲ, ಒಂದ್ ಮಾತು ಏಳಿದ್ರೆ ನಿಮ್ ಗಂಟೇನು ಓಗ್ತಿತ್ತು?"

"ಎಗ್ಗಣದ ಕಾಟಕ್ಕೆ ಮಾಡ್ತಾವ್ಳೆ ಅಂದ್ಕಂಡಿದ್ದೆ," ಅಂದ.

ಬೋರಮ್ಮ ಅಳಲಿಲ್ಲ. ಎದ್ದು ಸೆರಗು ಕೊಡವಿ, "ಅಗೀರಿ" ಅಂದಳು.

ಸಂಜೆ ಬಚ್ಚಲ ಒಲೆ ಉರಿಯುತ್ತಿತ್ತು. ಹೋಗಿ ನೋಡಿದೆ. ಹಂಡೆಯ ಬಿಸಿನೀರಿಗೆ ತಣ್ಣೀರು ಬೆರೆಸಿ, ಹದ ಬಂತೇ ಎಂದು ಮೊಣಕೈ ಅದ್ದಿ ನೋಡಿ, ಕಾಲು ನೀಡಿ ಕೂತು, ಬರೀ ಚಪ್ಪಡಿಯ ಮೇಲೆ ಚೊಂಬಿನಿಂದ ಮೆಲ್ಲಗೆ ಹುಯ್ಯುತ್ತಿದ್ದಳು. ನನಗೆ ಅಳು ತಡೆಯಲಾಗಲಿಲ್ಲ.

ಅವಳು ತಿರುಗಿಯೂ ನೋಡದೆ, "ರಾಧಾಮಣಿ, ಒಸಿ ಕಡ್ಲೆಹಿಟ್ಟು ತಕ್ಕಂಬಾ" ಅಂದಳು.

ತಂದುಕೊಟ್ಟೆ.